ನಿಂಬೆ ಎಲೆಯಲ್ಲಿ ಬೆಳ್ಳಿ ಗೆರೆ: ಹುಳ ಯಾಕೆ ಕಾಣಲ್ಲ, ಔಷಧಿ ಯಾಕೆ ತಾಗಲ್ಲ

ಪ್ರಶ್ನೆ: ಪಾಟ್‌ನಲ್ಲಿ ಎರಡು ವರ್ಷದ ನಿಂಬೆ ಗಿಡ ಇದೆ. ಹೊಸ ಚಿಗುರು ಬಂದಾಗೆಲ್ಲ ಎಲೆ ಮೇಲೆ ಬೆಳ್ಳಿ ಬಣ್ಣದ ಅಂಕುಡೊಂಕು ಗೆರೆ ಬೀಳತ್ತೆ, ನಾಲ್ಕೈದು ದಿನಕ್ಕೆ ಎಲೆ ಸುರುಟ್ಕೊಳ್ಳತ್ತೆ. ದಿನ ಬಿಟ್ಟು ದಿನ ಬೇವಿನೆಣ್ಣೆ ಹೊಡೆದೆ, ಗೆರೆ ಬಿದ್ದ ಎಲೆ ಎಲ್ಲಾ ಕಿತ್ತು ಹಾಕ್ದೆ, ಮತ್ತೆ ಬಂದ ಚಿಗುರಲ್ಲೂ ಅದೇ ಕಥೆ. ಒಂದೇ ಒಂದು ಹುಳನೂ ಕಣ್ಣಿಗೆ ಬಿದ್ದಿಲ್ಲ. ಇದು ವೈರಸ್, ಗಿಡ ತೆಗೆದು ಬಿಸಾಕಿ ಅಂತ ಒಬ್ರು ಹೇಳ್ತಿದಾರೆ. ನಿಜಾನಾ? ಪಕ್ಕದ ಬೀನ್ಸ್ ಗಿಡದಲ್ಲೂ ಬಿಳಿ ಗೆರೆ ಕಾಣ್ತಿದೆ, ಅದೂ ಇದೇನಾ, ಇಲ್ಲಿಂದಾನೇ ಹರಡಿದ್ದಾ?

ಉತ್ತರ: ಗಿಡ ಬಿಸಾಕ್ಬೇಡಿ. ಇದು ವೈರಸ್ ಅಲ್ಲ, ರೋಗಾನೇ ಅಲ್ಲ, ಹುಳ. ಎಲೆ ಮೇಲೆ ಅಲ್ಲ, ಎಲೆ ಒಳಗೆ ಇದೆ, ಅದಕ್ಕೇ ನಿಮಗೆ ಕಂಡಿಲ್ಲ. ಎಲೆ ಸುರಂಗ ಹುಳ ಅಂತಾರೆ, ಕೆಲವರು ರಂಗೋಲಿ ಹುಳ ಅಂತಾರೆ, ನರ್ಸರಿಯವರು ಲೀಫ್ ಮೈನರ್ ಅಂತಾರೆ. ವೈಜ್ಞಾನಿಕ ಹೆಸರು ಫಿಲ್ಲೊಕ್ನಿಸ್ಟಿಸ್ ಸಿಟ್ರೆಲ್ಲಾ. ದೊಡ್ಡದಾದ್ಮೇಲೆ ಇದು ಪತಂಗ, ಆದ್ರೆ ಎಷ್ಟು ಚಿಕ್ಕದು ಅಂದ್ರೆ ರೆಕ್ಕೆ ಎರಡೂ ಅಗಲಿಸಿದ್ರೂ ಈ ತುದಿಯಿಂದ ಆ ತುದಿಗೆ ಸುಮಾರು 4 ಮಿಲಿಮೀಟರ್, ರೆಕ್ಕೆ ಮಡಚಿ ಕೂತಾಗ 2 ಮಿಲಿಮೀಟರ್ ಆದ್ರೆ ಹೆಚ್ಚು.

ಇನ್ನೊಂದು ವಿಷಯ ಮೊದಲೇ ಹೇಳ್ಬಿಡ್ತೀನಿ, ಸ್ವಲ್ಪ ಬೇಜಾರಾಗ್ಬಹುದು. ಈ ಹುಳಕ್ಕೆ ಎಳೇ ಚಿಗುರು ಬಿಟ್ರೆ ಬೇರೆ ಗತಿ ಇಲ್ಲ, ಬಲಿತ ಎಲೆ ಅದಕ್ಕೆ ಬೇಡ. ನೀವು ಎಲೆ ಕಿತ್ತಷ್ಟೂ ಗಿಡ ಹೊಸ ಚಿಗುರು ಬಿಡತ್ತೆ, ಅಂದ್ರೆ ಹುಳಕ್ಕೆ ಬೇಕಾದ್ದನ್ನ ನೀವೇ ಒದಗಿಸಿಕೊಡ್ತಾ ಇದ್ದೀರ. ಬೇವಿನೆಣ್ಣೆ ಯಾಕೆ ಕೆಲಸ ಮಾಡ್ಲಿಲ್ಲ, ಮುಂದೆ ಏನ್ ಮಾಡ್ಬೇಕು ಅನ್ನೋದೆಲ್ಲ ಈ ಒಂದು ವಿಷಯದ ಸುತ್ತಾನೇ ಇದೆ, ಹಾಗಾಗಿ ಮೊದಲು ಅದರ ಬದುಕು ಹೆಂಗೆ ನಡೆಯತ್ತೆ ನೋಡೋಣ.

ಗೆರೆ ಇರೋ ಒಂದು ಎಲೆ ತಗೊಂಡು ಬೆಳಕಿಗೆ ಹಿಡೀರಿ. ಹಳೇದು ಬೇಡ, ಇನ್ನೂ ಮೆತ್ತಗಿರೋ ಎಲೆ ಆಗ್ಬೇಕು. ಗೆರೆ ಒಂದು ಕಡೆ ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ ಸುತ್ತಿ ಬಳಸಿ ಹೋಗ್ತಾ ಹೋಗ್ತಾ ಅಗಲ ಆಗಿರತ್ತೆ, ಮಧ್ಯದಲ್ಲಿ ಕಪ್ಪಗೆ, ಒಂದ್ ಸಣ್ಣ ದಾರ ಎಳೆದಂಗೆ ಇನ್ನೊಂದು ಗೆರೆ ಇರತ್ತೆ. ಅದು ಹುಳದ ಹಿಕ್ಕೆ. ಸುರಂಗದ ನಟ್ಟನಡುವೆ ಹಿಕ್ಕೆ ಬಿಟ್ಟುಕೊಂಡು ಹೋಗೋದು ಈ ಹುಳದ ಗುರುತು, ವೈರಸ್ ಇಂಥ ಗೆರೆ ಬಿಡಲ್ಲ. ಈಗ ಅಗಲ ಇರೋ ಕೊನೆಗೆ ಬನ್ನಿ, ಅಲ್ಲೇ ಇರತ್ತೆ ಮರಿಹುಳ. ಹಳದಿ ಮಿಶ್ರಿತ ಹಸಿರು, ಚಪ್ಪಟೆ, ಹೆಚ್ಚುಕಮ್ಮಿ ಪಾರದರ್ಶಕ, ಪೂರ್ತಿ ಬೆಳೆದಿದ್ರೆ 3 ಮಿಲಿಮೀಟರ್. ಮೊಬೈಲ್ ಕ್ಯಾಮೆರಾದಲ್ಲಿ ಝೂಮ್ ಮಾಡಿದ್ರೂ ಸಾಕು. ಗುಂಡುಸೂಜಿ ತುದಿಯಿಂದ ಮೇಲಿನ ಪೊರೆ ಮೆಲ್ಲಗೆ ಎತ್ತಿದ್ರೆ ಹೊರಗೆ ಬರತ್ತೆ, ಕಾಲಿಲ್ಲ, ಸುಮ್ನೆ ಹೊರಳಾಡತ್ತೆ. ಹೊರಗೆ ಬಂದ ಮೇಲೆ ಅದು ಬದುಕಲ್ಲ, ಯಾಕಂದ್ರೆ ಅದರ ಮೈ ಕಟ್ಟೇ ಎಲೆ ಒಳಗಿನ ಬದುಕಿಗೆ ಅಂತ ಆಗಿರೋದು.

ಈಗ ಶುರುವಿನಿಂದ. ಹೆಣ್ಣು ಪತಂಗ ಹಗಲು ಹೊತ್ತಲ್ಲಿ ಎಲೆ ಅಡಿಗೋ ರೆಂಬೆ ಸಂದಿಗೋ ಸೇರಿ ಸುಮ್ನೆ ಕೂತಿರತ್ತೆ, ಓಡಾಟ ಎಲ್ಲ ಮುಸ್ಸಂಜೆ ಮತ್ತೆ ಬೆಳಗಿನ ಜಾವ. ಬೆಳ್ಳಗೆ ಬೆಳ್ಳಿ ಮಿಂಚಿನ ರೆಕ್ಕೆ, ಮುಂದಿನ ರೆಕ್ಕೆ ಮೇಲೆ ಕಂದು ಗೆರೆಗಳು, ಎರಡೂ ರೆಕ್ಕೆ ತುದಿಯಲ್ಲಿ ಒಂದೊಂದು ಕಪ್ಪು ಚುಕ್ಕೆ. ನೋಡೋಕೆ ನಿಜವಾಗ್ಲೂ ಚಂದ, ಆದ್ರೆ ಸಂಜೆ ಕತ್ತಲಲ್ಲಿ ಒಂದು ಧೂಳಿನ ಕಣ ಹಾರಿ ಹೋದಂಗೆ ಕಾಣತ್ತೆ ಅಷ್ಟೆ, ನಿಮಗೆ ಕಂಡಿಲ್ಲ ಅನ್ನೋದ್ರಲ್ಲಿ ಆಶ್ಚರ್ಯ ಏನಿಲ್ಲ. ಬೆಳಗಾಗೋಕೆ ಸ್ವಲ್ಪ ಮುಂಚೆ ಹೆಣ್ಣು ಒಂದು ವಾಸನೆ ಬಿಡತ್ತೆ, ಫೆರೊಮೋನ್, ಅದನ್ನ ಹಿಡ್ಕೊಂಡು ಗಂಡು ಬರತ್ತೆ. ಈ ವಾಸನೆಯಲ್ಲಿ ಒಂದು ತಮಾಷೆ ಇದೆ. ಜಪಾನಿನಲ್ಲಿರೋ ಗಂಡುಗಳು ಒಂದೇ ಒಂದು ರಾಸಾಯನಿಕಕ್ಕೆ ಓಡಿ ಬರ್ತವೆ, ಅದೇ ರಾಸಾಯನಿಕ ಬೇರೆ ದೇಶಗಳಲ್ಲಿ ಇಟ್ರೆ ಒಂದೂ ಬರಲ್ಲ, ಅಲ್ಲಿ ಅದರ ಜೊತೆ ಇನ್ನೊಂದು ಬೇಕು, ಅದೂ ಈ ಎರಡನೇದೇ ಜಾಸ್ತಿ ಇರ್ಬೇಕು. ಅದು ಗೊತ್ತಾದ ಮೇಲೇನೇ ತೋಟಗಳಲ್ಲಿ ಈ ವಾಸನೆ ಇಟ್ಟು ಗಂಡು ಪತಂಗ ಹಿಡಿಯೋ ಮೋಹಕ ಬಲೆ ಸರಿಯಾಗಿ ಕೆಲಸ ಮಾಡೋಕೆ ಶುರುವಾಗಿದ್ದು.

ಮೊಟ್ಟೆ ಇಡೋದು ಒಂದೊಂದಾಗಿ, ಒಂದೆರಡು ಸೆಂಟಿಮೀಟರ್ ಉದ್ದದ, ಇನ್ನೂ ಬಿಚ್ಚಿಕೊಳ್ತಾ ಇರೋ ಎಲೆ ಮೇಲೆ, ಹೆಚ್ಚಾಗಿ ಅಡಿಭಾಗದಲ್ಲಿ ನಡುನರದ ಪಕ್ಕ. ಮೊಟ್ಟೆ ಸುಮಾರು 0.3 ಮಿಲಿಮೀಟರ್, ಚಪ್ಪಟೆ, ಪಾರದರ್ಶಕ, ನೋಡಿದ್ರೆ ಸಣ್ಣ ನೀರಿನ ಹನಿ ಒಣಗದೇ ಉಳಿದಿದೆ ಅನ್ಸತ್ತೆ. ಸೆಕೆ ಇದ್ರೆ ಎರಡೇ ದಿನಕ್ಕೆ ಒಡೆಯತ್ತೆ, ಚಳಿ ಇದ್ರೆ ಹತ್ತು ದಿನ ಆದ್ರೂ ಆಗ್ಬಹುದು.

ಇಲ್ಲಿ ಗಮನ ಕೊಡಿ, ನಿಮ್ಮ ಬೇವಿನೆಣ್ಣೆ ಸೋತಿದ್ದು ಇಲ್ಲೇ. ಮರಿ ಮೊಟ್ಟೆಯಿಂದ ಹೊರಗೆ ಬಂದು ಎಲೆ ಮೇಲೆ ಓಡಾಡಿ ಆಮೇಲೆ ಒಳಗೆ ಹೋಗತ್ತೆ ಅನ್ಕೊಂಡಿರ್ತೀವಿ ಅಲ್ವಾ, ಹಾಗಲ್ಲ. ಮೊಟ್ಟೆ ಎಲೆಗೆ ಅಂಟಿರೋ ತಳದಿಂದಾನೇ ಸೀದಾ ಎಲೆ ಒಳಗೆ ಕೊರ್ಕೊಂಡು ಹೋಗತ್ತೆ. ಹೊರಗಿನ ಗಾಳಿ ಅದಕ್ಕೆ ಸೋಕೋದೇ ಇಲ್ಲ. ಅಲ್ಲಿಂದ ಪತಂಗ ಆಗಿ ಹೊರಗೆ ಬರೋವರೆಗೂ ಅದರ ಪೂರ್ತಿ ಜೀವನ ಎಲೆಯ ಮೇಲ್ಪೊರೆ ಒಳಗೇ, ಚಾಪೆ ಕೆಳಗೆ ನುಗ್ಗಿದ ಇಲಿ ಥರ ಉಬ್ಬು ಮುಂದೆ ಮುಂದೆ ಹೋಗ್ತಾ ಇರೋದು ಬಿಟ್ರೆ ಹೊರಗಿನವರಿಗೆ ಬೇರೇನೂ ಕಾಣಲ್ಲ. ನೀವು ಎಣ್ಣೆ ಹೊಡೆದ್ರೆ ಅದು ಪೊರೆ ಮೇಲೆ ಕೂರತ್ತೆ, ಹುಳ ಪೊರೆ ಕೆಳಗೆ ಆರಾಮಾಗಿ ಇರತ್ತೆ.

ಬಾಯಿ ಬಗ್ಗೆ ಹೇಳ್ಲೇಬೇಕು. ಸಾಮಾನ್ಯ ಕಂಬಳಿಹುಳಕ್ಕೆ ಕಚ್ಚಿ ಅಗಿಯೋ ದವಡೆ ಇರತ್ತೆ. ಇದಕ್ಕೆ ತಲೆನೇ ಚಪ್ಪಟೆ, ದವಡೆ ತೆಳ್ಳನೆ ಬ್ಲೇಡ್ ಥರ ಅಡ್ಡಡ್ಡ ಆಡತ್ತೆ. ಎಲೆ ಹೊರಪದರದ ಜೀವಕೋಶಗಳನ್ನ ಸಾಲಾಗಿ ಕುಯ್ಕೊಂಡು ಹೋಗಿ ಒಳಗಿಂದ ಸುರಿಯೋ ರಸ ಕುಡಿಯತ್ತೆ. ಅಗಿಯೋದೇ ಇಲ್ಲ. ಕೆಳಗಿರೋ ಹಸಿರು ಪದರಕ್ಕೆ ಹೆಚ್ಚು ಕೈ ಹಾಕಲ್ಲ, ಹಾಗಾಗಿ ಗೆರೆ ಕಂದು ಆಗ್ದೇ ಬೆಳ್ಳಿ ಬಣ್ಣಕ್ಕೆ ಹೊಳೆಯತ್ತೆ, ರಸ ಖಾಲಿಯಾದ ಜಾಗಕ್ಕೆ ಗಾಳಿ ತುಂಬ್ಕೊಂಡು ಬೆಳಕು ಬೀಳ್ದಾಗ ಮಿಂಚತ್ತೆ ಅಷ್ಟೆ. ಎಲೆ ಯಾಕೆ ಸುರುಟತ್ತೆ ಅನ್ನೋದಕ್ಕೂ ಇದೇ ಕಾರಣ. ಎಲೆ ಇನ್ನೂ ಬೆಳೀತಾ ಇದೆ, ಒಂದು ಮಗ್ಗುಲಿನ ಹೊರಪದರ ಸತ್ತು ಬೆಳವಣಿಗೆ ನಿಂತಿದೆ, ಇನ್ನೊಂದು ಮಗ್ಗುಲು ಬೆಳೀತಾನೇ ಇದೆ, ಆಗ ಎಲೆ ಮುದುಡದೇ ಇನ್ನೇನ್ ಮಾಡತ್ತೆ. ಬಲಿತ ಎಲೆ ಇದಕ್ಕೆ ಯಾಕೆ ಬೇಡ ಅಂದ್ರೆ ಅದರ ಹೊರಪದರ ಗಟ್ಟಿಯಾಗಿಬಿಟ್ಟಿರತ್ತೆ, ಈ ಬ್ಲೇಡಿಗೆ ಅದು ಬಗ್ಗಲ್ಲ.

ಮರಿಹುಳ ನಾಲ್ಕು ಹಂತ ದಾಟತ್ತೆ. ಮೊದಲ ಮೂರರಲ್ಲಿ ಕುಡಿಯೋದೊಂದೇ ಕೆಲಸ. ನಾಲ್ಕನೇದ್ರಲ್ಲಿ ಊಟ ಬಂದ್, ಬಾಯಿ ಕುಯ್ಯೋ ಸಾಧನವಾಗಿ ಉಳಿಯೋದೇ ಇಲ್ಲ, ಅದರ ಬದಲು ರೇಷ್ಮೆ ನೂಲು ಬಿಡೋ ಅಂಗ ಬರತ್ತೆ. ಆಗ ಅದು ಸುರಂಗ ಕೊರ್ಕೊಂಡು ಎಲೆ ಅಂಚಿಗೆ ಬಂದಿರತ್ತೆ, ಅಲ್ಲಿ ನೂಲು ಎಳೆದು ಎಳೆದು ಎಲೆ ಅಂಚನ್ನೇ ತನ್ನ ಮೇಲೆ ಮಡಚ್ಕೊಳ್ಳತ್ತೆ. ನಿಮ್ಮ ಎಲೆಗಳ ಅಂಚು ಸ್ವಲ್ಪ ಮಡಚಿ, ಒಂದು ಕಡೆ ಉಬ್ಬಿ, ಕೇಸರಿ-ಕಂದು ಬಣ್ಣಕ್ಕೆ ತಿರುಗಿದ್ರೆ ಒಳಗೆ ಕೋಶ, ಅಂದ್ರೆ ಹುಳ ಪತಂಗ ಆಗೋಕೆ ಮುಂಚಿನ ಪ್ಯೂಪಾ ಹಂತ, ಇದೆ ಅಂತ ಲೆಕ್ಕ. ಬಿಡಿಸಿ ನೋಡಿ, ಹಳದಿ-ಕಂದು ಬಣ್ಣದ್ದು ಸಿಗತ್ತೆ, ತಲೆ ತುದಿಯಲ್ಲಿ ಒಂದು ಮೊನೆ ಇರತ್ತೆ. ಪತಂಗ ಸಿದ್ಧ ಆದಾಗ ಕೋಶ ಆ ಮೊನೆಯಿಂದ ಗೂಡು ಹರಿದು ಅರ್ಧ ಹೊರಗೆ ಬರತ್ತೆ, ಆಮೇಲೆ ಸಿಪ್ಪೆ ಒಡೆದು ಪತಂಗ ಹಾರಿ ಹೋಗತ್ತೆ. ಖಾಲಿ ಸಿಪ್ಪೆ ಎಲೆ ಅಂಚಿಗೆ ನೇತಾಡ್ಕೊಂಡೇ ಇರತ್ತೆ, ಹುಡುಕಿದ್ರೆ ಸಿಗತ್ತೆ.

ಲೆಕ್ಕಕ್ಕೆ ಬಂದ್ರೆ ಮರಿಹುಳ 5ರಿಂದ 20 ದಿನ, ಕೋಶ 6ರಿಂದ 22 ದಿನ, ಮೊಟ್ಟೆಯಿಂದ ಪತಂಗದವರೆಗೆ ಒಟ್ಟು 13 ದಿನದಿಂದ 52 ದಿನದವರೆಗೆ, ಪೂರ್ತಿ ಹವಾಮಾನದ ಮೇಲೆ. ಬೆಚ್ಚಗಿನ ಜಾಗದಲ್ಲಿ ವರ್ಷಕ್ಕೆ ಹತ್ತು ಪೀಳಿಗೆ ದಾಟೋದೂ ಉಂಟು. ಈಗ ಈ 13 ದಿನಾನ ಇನ್ನೊಂದು ಸಂಖ್ಯೆ ಪಕ್ಕ ಇಟ್ಟು ನೋಡಿ: ನಿಂಬೆ ಚಿಗುರು ಬಿಚ್ಚಿ ಎಲೆ ಗಟ್ಟಿ ಆಗೋಕೆ ಎರಡು ಮೂರು ವಾರ ಬೇಕು. ಹುಳದ ಬಾಲ್ಯ ಮತ್ತೆ ಎಲೆಯ ಎಳೆತನ ಎರಡೂ ಒಂದೇ ಅಳತೆ. ಹುಳ ಸ್ವಲ್ಪ ತಡ ಮಾಡಿದ್ರೂ ಎಲೆ ಬಲಿತು ಅದು ಉಪವಾಸ ಬೀಳತ್ತೆ, ಹಾಗಾಗಿ ಮೊಟ್ಟೆ ಅಷ್ಟು ಎಳೇ ಎಲೆಗೇ ಇಡೋದು.

ಎಲೆ ಒಳಗೆ ಬದುಕೋ ಪತಂಗಗಳು ಇದೊಂದೇ ಅಲ್ಲ, ನೂರಾರು ಇವೆ, ಸುಮಾರು 10 ಕೋಟಿ ವರ್ಷ ಹಳೇ ಪಳೆಯುಳಿಕೆ ಎಲೆಗಳಲ್ಲೂ ಇಂಥದೇ ಸುರಂಗ ಸಿಕ್ಕಿವೆ. ನನಗೆ ಇವೆಲ್ಲದ್ರಲ್ಲಿ ತುಂಬಾ ಇಷ್ಟದ್ದು ಸೇಬಿನ ಎಲೆಯಲ್ಲಿರೋ ಒಂದು, ಫಿಲ್ಲೊನೊರಿಕ್ಟರ್ ಬ್ಲಾಂಕಾರ್ಡೆಲ್ಲಾ. ಎಲೆ ಉದುರೋ ಕಾಲದಲ್ಲಿ ಮರದ ಎಲೆ ಎಲ್ಲ ಹಳದಿ ಆದ್ರೂ ಇದರ ಹುಳ ಇರೋ ಜಾಗ ಮಾತ್ರ ಹಸಿರು ಮಚ್ಚೆಯಾಗಿ ಉಳಿಯತ್ತೆ, ಉದುರಿ ನೆಲದ ಮೇಲೆ ಬಿದ್ದ ಎಲೆಯಲ್ಲೂ! ಕಾರಣ ಹುಳ ಅಲ್ಲ, ಹುಳದ ಮೈಯಲ್ಲಿರೋ ವೊಲ್ಬಾಕಿಯಾ ಅನ್ನೋ ಬ್ಯಾಕ್ಟೀರಿಯಾ. ಎಲೆ ಮುಪ್ಪಾಗದಂಗೆ ತಡೆಯೋ ಸೈಟೊಕೈನಿನ್ ಅನ್ನೋ ಸಸ್ಯ ಹಾರ್ಮೋನು ಆ ಜಾಗದಲ್ಲಿ ಜಾಸ್ತಿ ಆಗತ್ತೆ. ಆಂಟಿಬಯೋಟಿಕ್ ಕೊಟ್ಟು ಬ್ಯಾಕ್ಟೀರಿಯಾ ಕೊಂದ್ರೆ ಹಸಿರು ಮಚ್ಚೆ ಬರೋದೇ ಇಲ್ಲ, ಇದನ್ನ 2010ರಲ್ಲಿ ಪ್ರಯೋಗ ಮಾಡಿ ತೋರಿಸಿದಾರೆ. ನಿಮ್ಮ ನಿಂಬೆ ಹುಳಕ್ಕೆ ಈ ಜಾಣತನ ಇಲ್ಲ ಬಿಡಿ, ಅದಕ್ಕೆ ಬೇಕಾಗಿಯೂ ಇಲ್ಲ, ಅದು ಹೊಸ ಚಿಗುರು ಹುಡುಕೋ ಜಾತಿ.

ಸರಿ, ನಷ್ಟ ಎಷ್ಟು? ಜನ ಹೆದರೋದು ನೋಡೋಕೆ ಕೆಟ್ಟದಾಗಿ ಕಾಣತ್ತೆ ಅಂತ, ನಷ್ಟಕ್ಕಲ್ಲ. ಗೆರೆ ಬಿದ್ದ ಎಲೆಯಲ್ಲೂ ಹಸಿರು ಪದರ ಹೆಚ್ಚುಕಮ್ಮಿ ಉಳಿದಿರತ್ತೆ, ಸುರುಟಿದ್ರೂ ಅದು ಗಿಡಕ್ಕೆ ಅಡುಗೆ ಮಾಡ್ತಾನೇ ಇರತ್ತೆ. ನಾಲ್ಕು ವರ್ಷ ದಾಟಿದ, ತುಂಬಾ ಎಲೆ ಇರೋ ಗಿಡಕ್ಕೆ ಇದರಿಂದ ಇಳುವರಿ ಕಮ್ಮಿ ಆಗೋದು ಅಪರೂಪ, ಅಂಥ ಗಿಡಕ್ಕೆ ಏನೂ ಮಾಡ್ಬೇಡಿ ಅಂತಾನೇ ನಾನು ಹೇಳೋದು. ಎರಡು ವರ್ಷದ ಗಿಡ ಅಂದಾಗ ಸ್ವಲ್ಪ ಯೋಚನೆ ಮಾಡ್ಬೇಕು, ಅದರ ಒಟ್ಟು ಎಲೆಯಲ್ಲಿ ಚಿಗುರಿನ ಪಾಲೇ ಜಾಸ್ತಿ, ಪ್ರತಿ ಸಲ ಚಿಗುರು ಹಾಳಾದ್ರೆ ಬೆಳವಣಿಗೆ ಹಿಂದೆ ಬೀಳತ್ತೆ. ಸಾಯಲ್ಲ, ನಿಧಾನ ಆಗತ್ತೆ. ಕಾಯಿಗೆ ಏನೂ ಆಗಲ್ಲ, ಹುಳ ಬಿದ್ದ ಗಿಡದ ನಿಂಬೆಹಣ್ಣು ಬಳಸೋಕೆ ಯಾವ ಭಯನೂ ಬೇಡ.

ನಿಜವಾದ ಅಪಾಯ ಬೇರೆ ಕಡೆ ಇದೆ. ಕಜ್ಜಿ ರೋಗ, ಕ್ಯಾಂಕರ್ ಅಂತಾರಲ್ಲ, ಕ್ಸಾಂಥೊಮೊನಾಸ್ ಅನ್ನೋ ದುಂಡಾಣುವಿಂದ ಬರೋದು. ಈ ಪತಂಗ ಅದನ್ನ ಹೊತ್ಕೊಂಡು ಬರಲ್ಲ, ಅದು ಬರೋದು ಮಳೆ ಹನಿ ಸಿಡಿತದಲ್ಲಿ, ಗಾಳಿಯಲ್ಲಿ. ಆದ್ರೆ ಸುರಂಗ ಅಂದ್ರೆ ಉದ್ದಕ್ಕೂ ಹರಿದ ಗಾಯ, ಮೇಲಿನ ಪೊರೆ ಕಿತ್ತು ಬಂದ ಕಡೆ ದುಂಡಾಣುವಿಗೆ ಬಾಗಿಲು ತೆಗೆದಿಟ್ಟಂಗೆ ಆಗತ್ತೆ. ಗೆರೆ ಉದ್ದಕ್ಕೂ ಒರಟಾದ, ಬೆಂಡಿನ ಥರ ಉಬ್ಬಿದ ಕಂದು ಮಚ್ಚೆ, ಸುತ್ತ ಹಳದಿ ಉಂಗುರ ಕಂಡ್ರೆ ಅದು ಕಜ್ಜಿ. ಆ ಎಲೆ ಮಾತ್ರ ಕಿತ್ತು ಗಿಡದಿಂದ ದೂರ ಹಾಕಿ, ಎಲೆ ಮೇಲೆ ನೀರು ಹೊಡೆಯೋದು ನಿಲ್ಲಿಸಿ, ಬುಡಕ್ಕೆ ಮಾತ್ರ ನೀರು ಹಾಕಿ. ಮಳೆಗಾಲಕ್ಕೆ ಮುಂಚೆ ತಾಮ್ರದ ಔಷಧಿ, ಕಾಪರ್ ಆಕ್ಸಿಕ್ಲೋರೈಡ್ ಅಂತ ಸಿಗತ್ತಲ್ಲ, ಅದನ್ನ ಲೇಬಲ್ ಮೇಲೆ ಬರೆದ ಅಳತೆಯಲ್ಲಿ ಹೊಡೆಯೋದು ವಾಡಿಕೆ. ನಿಮ್ಮ ಪ್ರಶ್ನೆಯಲ್ಲಿ ಇಂಥ ಮಚ್ಚೆ ಬಗ್ಗೆ ಏನೂ ಇಲ್ಲ, ಹಾಗಾಗಿ ಸದ್ಯಕ್ಕೆ ಇದು ನಿಮಗೆ ಬೇಡ.

ನಿಮ್ಮ ಗಿಡದಲ್ಲಿ ನಿಮಗೆ ಗೊತ್ತಿಲ್ದಂಗೆ ಇನ್ನೊಬ್ರು ಕೆಲಸ ಮಾಡ್ತಿರೋ ಸಾಧ್ಯತೆ ಜಾಸ್ತಿ ಇದೆ, ಅವ್ರ ಬಗ್ಗೆ ಹೇಳ್ದೇ ಔಷಧಿ ವಿಷಯಕ್ಕೆ ಹೋಗೋದು ಸರಿಯಲ್ಲ. ಪರಾವಲಂಬಿ ಕಣಜಗಳು. ಕಣಜ ಅಂದ ತಕ್ಷಣ ಕಚ್ಚೋದು ಅನ್ಕೋಬೇಡಿ, ಇವು ಒಂದೆರಡು ಮಿಲಿಮೀಟರ್ ಇರೋವು, ಮನುಷ್ಯರ ತಂಟೆಗೆ ಬರಲ್ಲ. ಸುರಂಗದ ಮೇಲಿಂದಾನೇ ಒಳಗಿರೋ ಹುಳ ಎಲ್ಲಿದೆ ಅಂತ ಪತ್ತೆ ಹಚ್ಚಿ, ಪೊರೆ ಮೂಲಕ ಸೂಜಿ ಚುಚ್ಚಿ ಹುಳದ ಮೇಲೋ ಒಳಗೋ ಮೊಟ್ಟೆ ಇಡ್ತವೆ. ಅಜೆನಿಯಾಸ್ಪಿಸ್ ಸಿಟ್ರಿಕೋಲಾ ಅನ್ನೋದಂತೂ ವಿಚಿತ್ರ, ಅದು ಪತಂಗದ ಮೊಟ್ಟೆ ಒಳಗೇ ಅಥವಾ ಆಗಷ್ಟೇ ಹುಟ್ಟಿದ ಮರಿ ಒಳಗೆ ಒಂದು ಮೊಟ್ಟೆ ಇಡತ್ತೆ, ಆ ಒಂದು ಮೊಟ್ಟೆ ಒಳಗೇ ಒಡೆದು ಹಲವಾರು ಭ್ರೂಣ ಆಗತ್ತೆ. ಹುಳ ಏನೂ ಆಗಿಲ್ಲ ಅನ್ನೋ ಥರ ರಸ ಕುಡಿದು ಬೆಳೆದು ಅಂಚಿಗೆ ಬಂದು ಗೂಡೂ ಕಟ್ಟತ್ತೆ, ಆದ್ರೆ ಗೂಡಿಂದ ಹೊರಗೆ ಬರೋದು ಪತಂಗ ಅಲ್ಲ, ಸಾಲಾಗಿ ಜೋಡಿಸಿಟ್ಟಂಗಿರೋ ಕೋಶಗಳಿಂದ ಬರೋ ಕಣಜಗಳು.

ಇದು ಬರೀ ಪುಸ್ತಕದ ವಿಷಯ ಅಲ್ಲ. ಈ ಪತಂಗ ಏಷ್ಯಾ ಮೂಲದ್ದು, 1856ರಲ್ಲಿ ಸ್ಟೇಂಟನ್ ಅನ್ನೋ ಇಂಗ್ಲಿಷ್ ಕೀಟತಜ್ಞ ಕಲ್ಕತ್ತಾದಿಂದ ಬಂದ ಮಾದರಿ ನೋಡಿ ಇದಕ್ಕೆ ಹೆಸರು ಕೊಟ್ಟಿದ್ದು. 1993ರಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಕಾಣಿಸ್ಕೊಂಡು ಒಂದೇ ವರ್ಷದೊಳಗೆ ಆ ರಾಜ್ಯದ ಕಿತ್ತಳೆ ತೋಟಗಳನ್ನೆಲ್ಲ ಹಬ್ಬಿಬಿಡ್ತು, ಅದೇ ವರ್ಷ ಸ್ಪೇನಿಗೂ ಹೋಯ್ತು. ಫ್ಲೋರಿಡಾದವರು 1994ರಲ್ಲಿ ಈ ಅಜೆನಿಯಾಸ್ಪಿಸ್ ತರಿಸಿ ಬಿಟ್ರು, ಅದು ಅಲ್ಲಿ ನೆಲೆ ನಿಂತು ಈಗಲೂ ಕೆಲಸ ಮಾಡ್ತಿದೆ. ಮೆಡಿಟರೇನಿಯನ್ ದೇಶಗಳಲ್ಲಿ ಸಿಟ್ರೋಸ್ಟಿಕಸ್ ಅನ್ನೋ ಇನ್ನೊಂದು ಕಣಜ ಚೆನ್ನಾಗಿ ಹೊಂದ್ಕೊಳ್ತು. ಪತಂಗ ಮೊದಲಿಂದ ಇರೋ ಏಷ್ಯಾದಲ್ಲಿ ಇಂಥ ಕಣಜಗಳೂ ಮೊದಲಿಂದ ಇವೆ, ತರಿಸೋ ಅಗತ್ಯ ಇಲ್ಲ, ಸಾಯಿಸ್ದೇ ಇದ್ರೆ ಸಾಕು. ನಿಮ್ಮ ಗಿಡದಲ್ಲಿ ಇವೆಯಾ ಅಂತ ನೋಡೋಕೆ ಸುಲಭ ದಾರಿ ಇದೆ: ಅಂಚಿನವರೆಗೆ ಹೋಗ್ದೇ ಅರ್ಧದಲ್ಲೇ ನಿಂತ ಸುರಂಗ ಹುಡುಕಿ, ಕೊನೆಯಲ್ಲಿ ಹುಳದ ಬದಲು ಸಣ್ಣ ಕಪ್ಪು ಕೋಶ ಇದ್ರೆ ಅದು ಕಣಜದ್ದು. ಹತ್ತು ಸುರಂಗದಲ್ಲಿ ನಾಲ್ಕೈದು ಹೀಗಿದ್ರೆ ಸ್ಪ್ರೇಯರ್ ಒಳಗಿಟ್ಟು ಸುಮ್ನಾಗಿ. ಕೀಟನಾಶಕ ಹೊಡೆದ್ರೆ ಪೊರೆ ಹೊರಗೆ ಓಡಾಡೋ ಕಣಜ ಮೊದಲು ಸಾಯತ್ತೆ, ಪೊರೆ ಒಳಗಿರೋ ಹುಳ ಉಳ್ಕೊಳ್ಳತ್ತೆ. ಔಷಧಿ ಹೊಡೆದ ಮೇಲೆ ಜಾಸ್ತಿ ಆಯ್ತು ಅಂತ ಹೇಳೋರ ಮಾತಲ್ಲಿ ಎಷ್ಟೋ ಸಲ ನಿಜ ಇರೋದು ಇದಕ್ಕೇ.

ಈಗ ನೀವು ಏನ್ ಮಾಡ್ಬೇಕು.

ಎಲೆ ಕೀಳೋದು ಇವತ್ತಿಂದ ನಿಲ್ಸಿ. ಗೆರೆ ಬಿದ್ದು ಬಲಿತ ಎಲೆ ಇದೆಯಲ್ಲ, ಅದರಿಂದ ಹುಳ ಯಾವಾಗಲೋ ಹೋಗಿಯಾಗಿದೆ, ಅದನ್ನ ಕಿತ್ತು ಯಾರಿಗೂ ಲಾಭ ಇಲ್ಲ. ಒಂದು ವಿನಾಯಿತಿ ಕೊಡ್ತೀನಿ, ಗಿಡ ಚಿಕ್ಕದು, ಚಿಗುರು ಹತ್ತಿಪ್ಪತ್ತು ಎಲೆ ಅಷ್ಟೇ ಅಂದ್ರೆ ಎಲೆ ಕೀಳ್ದೇ ಹುಳಾನ ಮಾತ್ರ ಸಾಯಿಸ್ಬಹುದು, ಸುರಂಗದ ಅಗಲ ತುದಿ ಹುಡುಕಿ ಹೆಬ್ಬೆರಳು ತೋರುಬೆರಳ ಮಧ್ಯೆ ಮೆಲ್ಲಗೆ ಅದುಮಿದ್ರೆ ಮುಗೀತು. ಎಲೆ ಉಳಿಯತ್ತೆ, ಹುಳ ಹೋಗತ್ತೆ. ಪಾಟ್ ಗಿಡಕ್ಕೆ ಇದಕ್ಕಿಂತ ಒಳ್ಳೇ ಔಷಧಿ ನನಗೆ ಗೊತ್ತಿರೋದ್ರಲ್ಲಿ ಇಲ್ಲ.

ಎರಡನೇದು ಗೊಬ್ಬರ. ಸಾರಜನಕ ಜಾಸ್ತಿ ಇರೋ ಗೊಬ್ಬರ, ಅಂದ್ರೆ ಯೂರಿಯಾ ಥರದ್ದು, ಆಗಾಗ ಸ್ವಲ್ಪ ಸ್ವಲ್ಪ ಹಾಕ್ತಾ ಇದ್ರೆ ಗಿಡ ವರ್ಷಪೂರ್ತಿ ಅಲ್ಲೊಂದು ಇಲ್ಲೊಂದು ಚಿಗುರು ಬಿಡ್ತಾನೇ ಇರತ್ತೆ, ಪತಂಗಕ್ಕೆ ಒಂದು ದಿನನೂ ಕೊರತೆ ಆಗಲ್ಲ. ಅದೇ ಗಿಡ ಒಟ್ಟಿಗೆ ಒಂದೇ ಸಲ ಚಿಗುರಿ ಒಟ್ಟಿಗೇ ಬಲಿತ್ರೆ, ಅಷ್ಟೂ ಎಲೆಗೆ ಮೊಟ್ಟೆ ಇಡೋಷ್ಟು ಪತಂಗ ಇರಲ್ಲ, ಮುಂದಿನ ಪೀಳಿಗೆ ಹೊರಗೆ ಬರೋ ಹೊತ್ತಿಗೆ ಎಳೇ ಎಲೆನೂ ಇರಲ್ಲ. ಚಳಿ ಇರೋ ಪ್ರದೇಶಗಳಲ್ಲಿ ಚಳಿ ಮುಗಿದ ಮೇಲೆ ಬರೋ ಮೊದಲ ಚಿಗುರು ಹೆಚ್ಚಾಗಿ ಹುಳ ಬೀಳ್ದೇ ಪಾರಾಗೋದು ನೋಡಿರ್ತೀರ, ಆಗ ಪತಂಗದ ಸಂಖ್ಯೆ ತಳ ಮುಟ್ಟಿರತ್ತೆ, ಆಮೇಲಿನ ಚಿಗುರುಗಳಿಗೇ ಹೊಡೆತ ಜಾಸ್ತಿ. ಹಾಗಾಗಿ ಗೊಬ್ಬರ, ಸವರೋದು ಎರಡನ್ನೂ ಆ ಮೊದಲ ಚಿಗುರಿಗೆ ಮುಂಚೆ ಒಂದೇ ಸಲ ಮುಗ್ಸಿ, ನಡುನಡುವೆ ಕತ್ತರಿ ಆಡಿಸ್ಬೇಡಿ. ಕಸಿ ಗಿಡ ಆಗಿದ್ರೆ ಕಸಿ ಕಟ್ಟಿದ ಜಾಗದ ಕೆಳಗಿಂದ ಬರೋ ಚಿಗುರು, ಮತ್ತೆ ಕಾಂಡದಿಂದ ಸರ್ರನೆ ನೆಟ್ಟಗೆ ಮೇಲಕ್ಕೆ ಹೋಗೋ ದಪ್ಪ ಚಿಗುರು, ಇವೆರಡನ್ನ ಮಾತ್ರ ಕಂಡಾಗೆಲ್ಲ ತೆಗೀರಿ, ಅವು ಗಿಡಕ್ಕೆ ಕೆಲಸಕ್ಕೆ ಬರೋದು ಕಮ್ಮಿ, ಪತಂಗಕ್ಕೆ ಜಾಸ್ತಿ.

ಬೇವಿನೆಣ್ಣೆ ಪೂರ್ತಿ ವೇಸ್ಟ್ ಅಂತ ಅಲ್ಲ. ಒಳಗಿರೋ ಹುಳಕ್ಕೆ ತಾಗೋದು ಕಷ್ಟ, ಆದ್ರೆ ಎಣ್ಣೆ ಲೇಪ ಇರೋ ಎಲೆ ಮೇಲೆ ಹೆಣ್ಣು ಪತಂಗ ಮೊಟ್ಟೆ ಇಡೋಕೆ ಹಿಂದೇಟು ಹಾಕತ್ತೆ. ಅಂದ್ರೆ ಗೆರೆ ಕಂಡ ಮೇಲೆ ಹೊಡೆದ್ರೆ ತಡ ಆಯ್ತು, ಚಿಗುರಿನ ಎಲೆ ಒಂದು ಸೆಂಟಿಮೀಟರ್ ಇದ್ದಾಗಲೇ ಶುರು ಮಾಡ್ಬೇಕು, ಮುಖ್ಯವಾಗಿ ಎಲೆ ಅಡಿಭಾಗಕ್ಕೆ. ಎಲೆ ದಿನದಿನ ದೊಡ್ಡದಾಗ್ತಾ ಇರತ್ತೆ, ಮೊನ್ನೆಯ ಲೇಪ ಇವತ್ತಿನ ಎಲೆಗೆ ಸಾಲಲ್ಲ, ಹೊಸ ಎಲೆಗಂತೂ ಲೇಪನೇ ಇಲ್ಲ, ಅದಕ್ಕೆ ಚಿಗುರು ಬಲಿಯೋವರೆಗೂ ವಾರಕ್ಕೊಂದು ಸಲ. ದಿನ ಬಿಟ್ಟು ದಿನ ಬೇಡ. ಸಂಜೆ ಹೊತ್ತು ಹೊಡೀರಿ, ಬಿಸಿಲಲ್ಲಿ ಎಣ್ಣೆ ಬಿದ್ರೆ ಎಳೇ ಎಲೆ ಸುಟ್ಟು ಹೋಗತ್ತೆ, ಆಮೇಲೆ ಅದನ್ನೂ ಹುಳದ ಮೇಲೆ ಹಾಕ್ತೀವಿ. ಬಲಿತ ಎಲೆಗೆ ಹೊಡೆಯೋದು ಎಣ್ಣೆ ದಂಡ.

ಬುಡಕ್ಕೆ ಹಾಕೋ ಇಮಿಡಾಕ್ಲೋಪ್ರಿಡ್ ಥರದ ಔಷಧಿ ಬಗ್ಗೆ ಯಾರಾದ್ರೂ ಹೇಳೇ ಹೇಳ್ತಾರೆ. ಬೇರಿಂದ ಹೀರಿ ಎಲೆಗೆ ಹೋಗತ್ತೆ, ಎಲೆ ರಸದಲ್ಲೇ ಸೇರೋದ್ರಿಂದ ಹುಳಕ್ಕೂ ತಾಗತ್ತೆ, ಕೆಲಸ ಮಾಡತ್ತೆ, ಅದು ಸುಳ್ಳಲ್ಲ. ದೊಡ್ಡ ತೋಟದಲ್ಲಿ ಹೊಸದಾಗಿ ನೆಟ್ಟ ಸಾವಿರ ಸಸಿ ಇರೋರು ಬಳಸ್ತಾರೆ. ಆದ್ರೆ ಅದೇ ರಸ ಹೂವಿನ ಮಕರಂದಕ್ಕೂ ಹೋಗತ್ತೆ, ಜೇನುಹುಳಕ್ಕೆ ವಿಷ, ಹೂ ಬಿಡೋ ಗಿಡಕ್ಕೆ ಹಾಕೋದು ತಪ್ಪು. ಒಂದು ಪಾಟ್ ಗಿಡದ ನಾಲ್ಕು ಸುರುಟಿದ ಎಲೆಗೋಸ್ಕರ, ಅದೂ ಹಣ್ಣು ನೀವೇ ಬಳಸೋ ಗಿಡಕ್ಕೆ, ನಾನು ಅದನ್ನ ಹೇಳಲ್ಲ. ಮೋಹಕ ಬಲೆನೂ ನಿಮಗೆ ಬೇಡ, ಅದು ಗಂಡು ಪತಂಗ ಎಷ್ಟಿವೆ ಅಂತ ಲೆಕ್ಕ ಹಾಕೋಕೆ, ಬಲೆಗೆ ನಾಲ್ಕು ಗಂಡು ಬಿದ್ರೆ ಹೆಣ್ಣು ಮೊಟ್ಟೆ ಇಡೋದೇನೂ ನಿಲ್ಲಿಸಲ್ಲ.

ಕೊನೆಗೆ ಬೀನ್ಸ್. ಅದು ಬೇರೆ ಹುಳ, ಹೆಚ್ಚಾಗಿ ಅದು ಪತಂಗನೇ ಅಲ್ಲ, ನೊಣ. ಲಿರಿಯೊಮೈಜಾ ಜಾತಿದು, ಕಪ್ಪು-ಹಳದಿ ಬಣ್ಣದ ಪುಟ್ಟ ನೊಣ, ಟೊಮೇಟೊ, ಬೀನ್ಸ್, ಕುಂಬಳ ಜಾತಿ ಬಳ್ಳಿ ಎಲ್ಲಕ್ಕೂ ಬೀಳತ್ತೆ. ಎಲೆ ಬೆಳಕಿಗೆ ಹಿಡಿದ್ರೆ ವ್ಯತ್ಯಾಸ ಗೊತ್ತಾಗತ್ತೆ, ನೊಣದ ಸುರಂಗದಲ್ಲಿ ಹಿಕ್ಕೆ ನಡುವಲ್ಲಿ ಒಂದೇ ದಾರವಾಗಿ ಇರಲ್ಲ, ಒಮ್ಮೆ ಈ ಅಂಚಿಗೆ ಒಮ್ಮೆ ಆ ಅಂಚಿಗೆ ತುಂಡು ತುಂಡಾಗಿ ಬಿದ್ದಿರತ್ತೆ. ಜೊತೆಗೆ ಎಲೆ ಮೇಲೆ ಸೂಜಿ ಚುಚ್ಚಿದಂಗೆ ಬಿಳಿ ಚುಕ್ಕೆಗಳೂ ಇರ್ತವೆ, ಹೆಣ್ಣು ನೊಣ ಮೊಟ್ಟೆ ಇಡೋ ಅಂಗದಿಂದ ಎಲೆ ಚುಚ್ಚಿ ಒಸರೋ ರಸ ಕುಡಿಯತ್ತೆ, ಗಂಡಿಗೆ ಚುಚ್ಚೋಕೆ ಬರಲ್ಲ, ಹೆಣ್ಣು ಮಾಡಿದ ತೂತಲ್ಲೇ ಅದೂ ಕುಡಿಯತ್ತೆ. ಹುಳ ಬಲಿತ ಮೇಲೆ ಎಲೆ ಸೀಳಿ ಮಣ್ಣಿಗೆ ಬಿದ್ದು ಅಲ್ಲಿ ಕೋಶ ಆಗತ್ತೆ, ನಿಂಬೆದರ ಥರ ಎಲೆ ಅಂಚು ಮಡಚಲ್ಲ. ಹಾಗಾಗಿ ನಿಂಬೆಯಿಂದ ಬೀನ್ಸಿಗೆ, ಬೀನ್ಸಿಂದ ನಿಂಬೆಗೆ ಹರಡೋ ಪ್ರಶ್ನೆನೇ ಇಲ್ಲ. ನಿಂಬೆ ಹುಳ ಹೋಗೋದಾದ್ರೆ ಅದರ ಬಳಗಕ್ಕೇ, ಕಿತ್ತಳೆ, ಮೋಸಂಬಿ, ಚಕ್ಕೋತ ಇವೆಲ್ಲ, ಬಿಲ್ವಪತ್ರೆಯಲ್ಲೂ ಕಂಡಿದ್ದುಂಟು. ಬೀನ್ಸಲ್ಲಿ ಕೆಳಗಿನ ಹಳೇ ಎಲೆಗೆ ಮಾತ್ರ ಗೆರೆ ಇದ್ರೆ ಬಿಟ್ಬಿಡಿ. ಗಿಡ ತುಂಬಾ ಚಿಕ್ಕದಿದ್ದು ಮೇಲಿನ ಎಲೆಗಳಿಗೂ ಬಿದ್ದಿದ್ರೆ ಗೆರೆ ಬಿದ್ದ ಎಲೆಗಳನ್ನ ಹುಳ ಒಳಗಿರೋವಾಗಲೇ ಕಿತ್ತು ಒಂದು ಕವರಿಗೆ ಹಾಕಿ ಬಾಯಿ ಕಟ್ಟಿ ಬಿಸಿಲಲ್ಲಿ ಎರಡು ದಿನ ಇಡಿ, ಬುಡದಲ್ಲೇ ಬಿಸಾಕಿದ್ರೆ ಹುಳ ಅಲ್ಲೇ ಮಣ್ಣಿಗಿಳಿದು ಕೋಶ ಕಟ್ಕೊಂಡು ಮತ್ತೆ ಅದೇ ಬಳ್ಳಿಗೆ ಬರತ್ತೆ.